ರಾತ್ರಿಯೂ ಸ್ಕ್ಯಾನಿಂಗ್ ಇರಲಿ: ಆರೋಗ್ಯ ಸಚಿವರಿಗೊಂದು ಬಹಿರಂಗ ಪತ್ರ

ಮಾನ್ಯ ಆರೋಗ್ಯ ಸಚಿವರೇ,

ನಮಸ್ಕಾರ. ಹೊಸ ಯಂತ್ರ ಬೇಕೆಂದು ಕೇಳಲು ನಾನು ಬರೆಯುತ್ತಿಲ್ಲ. ಸರ್ಕಾರಿ ಆಸ್ಪತ್ರೆಯಲ್ಲಿ ಈಗಾಗಲೇ ಇರುವ ಸ್ಕ್ಯಾನಿಂಗ್ ಕೋಣೆಗೆ ಸಂಜೆಯಾದ ಮೇಲೆ ಬೀಗ ಬೀಳಬಾರದು. ಕೇಳುವುದು ಇಷ್ಟೇ.

ಹುಡುಗನೊಬ್ಬನಿಗೆ ನಡುರಾತ್ರಿ ವೃಷಣದಲ್ಲಿ ಏಕಾಏಕಿ ನೋವು ಬಂತು ಅಂದುಕೊಳ್ಳಿ. ವೃಷಣ ತಿರುಚಿಕೊಂಡರೆ ಅದಕ್ಕೆ ರಕ್ತ ಹೋಗುವುದು ನಿಲ್ಲುತ್ತದೆ. ಸುಮಾರು 6 ಗಂಟೆಯೊಳಗೆ ಆಪರೇಷನ್ ಆದರೆ ಹೆಚ್ಚಿನವರಿಗೆ ಅದು ಉಳಿಯುತ್ತದೆ. ತಡವಾದಷ್ಟೂ ತೆಗೆದುಹಾಕಬೇಕಾದ ಸಂಭವ ಜಾಸ್ತಿ. ಲಕ್ಷಣ ಸ್ಪಷ್ಟವಾಗಿದ್ದರೆ ಸ್ಕ್ಯಾನಿಗೆ ಕಾಯಲೇಬಾರದು, ನೇರ ಆಪರೇಷನ್ ಮಾಡಬೇಕು. ಆದರೆ ಸೋಂಕಿನಿಂದಲೂ ಅಂಥದ್ದೇ ನೋವು ಬರುತ್ತದಲ್ವಾ? ಅನುಮಾನ ಇದ್ದಾಗ ರಕ್ತ ಹರಿಯುತ್ತಿದೆಯೋ ಇಲ್ಲವೋ ಎಂದು ನೋಡುವುದು ಡಾಪ್ಲರ್ ಎಂಬ ಅಲ್ಟ್ರಾಸೌಂಡ್ ಸ್ಕ್ಯಾನಿನಲ್ಲಿ. ಹುಡುಗರು ನಾಚಿಕೆಯಿಂದ ಮನೆಯಲ್ಲಿ ಹೇಳುವುದೇ ತಡವಾಗಿ. ಉಳಿದಿರುವ ಒಂದೆರಡು ಗಂಟೆಯನ್ನೂ ಆಸ್ಪತ್ರೆ "ಬೆಳಿಗ್ಗೆ ಬನ್ನಿ" ಎಂದು ಕಳೆಯಬಾರದು.

ಕಿಡ್ನಿ ಕಲ್ಲಿನ ವಿಷಯವೂ ಹೀಗೇ. ಕಲ್ಲು ಮೂತ್ರನಾಳದಲ್ಲಿ ಸಿಕ್ಕಿಕೊಂಡು, ಜೊತೆಗೆ ಜ್ವರವೂ ಬಂದರೆ ಅದು ತುರ್ತು ಪರಿಸ್ಥಿತಿ. ಕಟ್ಟಿಕೊಂಡ ಮೂತ್ರದಲ್ಲಿ ಸೋಂಕು ಹಬ್ಬಿ ರಕ್ತಕ್ಕೆ ಸೇರಿದರೆ ಪ್ರಾಣಕ್ಕೇ ಅಪಾಯ. ಕಿಡ್ನಿ ಊದಿಕೊಂಡಿರುವುದನ್ನು ಅಲ್ಟ್ರಾಸೌಂಡ್ ತೋರಿಸುತ್ತದೆ. ನಾಳದ ಕೆಳಭಾಗದಲ್ಲಿ ಕೂತ ಸಣ್ಣ ಕಲ್ಲು ಅದಕ್ಕೆ ಎಷ್ಟೋ ಸಲ ಕಾಣುವುದಿಲ್ಲ. ಅದಕ್ಕೆ ಸಿಟಿ ಸ್ಕ್ಯಾನ್ ಬೇಕು, ಅದು ಬಣ್ಣದ ಇಂಜೆಕ್ಷನ್ ಇಲ್ಲದೆ, ಸಾಮಾನ್ಯವಾಗಿ ಕಡಿಮೆ ವಿಕಿರಣದಲ್ಲೇ ಆಗುತ್ತದೆ. ಗರ್ಭಿಣಿಯರಿಗೆ ಮಾತ್ರ ವಿಕಿರಣವಿಲ್ಲದ ಅಲ್ಟ್ರಾಸೌಂಡೇ ಮೊದಲು.

ಇನ್ನು ಹೆಣ್ಣುಮಕ್ಕಳ ಕಿಬ್ಬೊಟ್ಟೆ ನೋವು. ಇದನ್ನು "ಮುಟ್ಟಿನ ನೋವು ಇರಬೇಕು" ಎಂದು ಸುಮ್ನೆ ಮಾತ್ರೆ ಕೊಟ್ಟು ಕಳಿಸುವುದು ನನಗೆ ತುಂಬಾ ಸಂಕಟ ತರುತ್ತದೆ. ಗರ್ಭಕೋಶದ ಬದಲು ಅಂಡನಾಳದಲ್ಲಿ ಗರ್ಭ ನಿಂತಿರಬಹುದು, ಅಂಡಾಶಯ ತಿರುಚಿಕೊಂಡಿರಬಹುದು. ತಿರುಚಿದ ಅಂಡಾಶಯದಲ್ಲೂ ಕೆಲವೊಮ್ಮೆ ಡಾಪ್ಲರ್‌ನಲ್ಲಿ ರಕ್ತ ಹರಿಯುವಂತೆ ಕಾಣುತ್ತದೆ. ಹಾಗಾಗಿ ಅನುಭವ ಇರುವ ಕಣ್ಣು ಬೇಕೇ ಬೇಕು.

ಅಲ್ಟ್ರಾಸೌಂಡ್‌ನಲ್ಲಿ ಯಂತ್ರ ಎಷ್ಟು ಮುಖ್ಯವೋ, ಅದನ್ನು ಹಿಡಿದ ಕೈಯೂ ಅಷ್ಟೇ ಮುಖ್ಯ. ರಾತ್ರಿ ಕರೆದರೆ ಬರುವ ರೇಡಿಯಾಲಜಿಸ್ಟ್, ಅಂದರೆ ಸ್ಕ್ಯಾನ್ ತಜ್ಞ ವೈದ್ಯರು, ಇರಲಿ, ಅವರಿಗೆ ಅದಕ್ಕೆ ತಕ್ಕ ಸಂಬಳವೂ ಸಿಗಲಿ. ಸಿಟಿ ಚಿತ್ರಗಳನ್ನು ದೂರದಿಂದಲೇ ನೋಡಿ ರಿಪೋರ್ಟ್ ಕೊಡಬಹುದು. ಊದಿದ ಕಿಡ್ನಿ, ಮೂತ್ರ ಕಟ್ಟಿ ತುಂಬಿದ ಮೂತ್ರಕೋಶ, ಇವನ್ನು ಗುರುತಿಸುವಷ್ಟು ತರಬೇತಿಯನ್ನು ತುರ್ತು ವಿಭಾಗದ ವೈದ್ಯರಿಗೂ ಕೊಡಬಹುದು. ಕಾನೂನಿನ ಅನುಮತಿ ಬೇಕಿದ್ದರೆ ಕೊಡಿಸಿ.

ಮೊದಲ ಹೆಜ್ಜೆಗೆ ಖರ್ಚೇನೂ ಇಲ್ಲ. ರಾತ್ರಿ ಸ್ಕ್ಯಾನ್ ಬೇಕಾಗಿ ಬಂದು, ಸಿಗದೆ ವಾಪಸ್ ಹೋದವರ ಲೆಕ್ಕವನ್ನು ಪ್ರತಿ ಆಸ್ಪತ್ರೆಯೂ ಒಂದು ತಿಂಗಳು ಬರೆದಿಡಲಿ. ಆ ಲೆಕ್ಕವನ್ನು ನೀವು ಜನರ ಮುಂದಿಡಿ.

ಇಂತಿ,
ಒಬ್ಬ ನಾಗರಿಕ