ನಕಲು ಅಂತ ಬರೆದಿದ್ದೀಯಲ್ಲ

ಪ್ರೀತಿಯ ಅಳಿಯನಿಗೆ, ಮಾವನ ಆಶೀರ್ವಾದ.

ಮನೆ ಸುದ್ದಿ ಅಕ್ಕ ಹೇಳಿರ್ತಾಳೆ, ಬಿಡ್ತೀನಿ. "ಬ್ಲೂಸ್ ಅಮೆರಿಕದ ಕಪ್ಪು ಜನರ ಸಂಗೀತ, ನಮ್ಮದಲ್ಲ ಮಾವ, ನಾನು ಗಿಟಾರಿನಲ್ಲಿ ನುಡಿಸೋದೆಲ್ಲ ನಕಲು" ಅಂತ ಕಾಗದದಲ್ಲಿ ಬರೆದಿದ್ದೀಯ. ಆ ಸಾಲು ಓದಿದಾಗಿಂದ ಮನಸ್ಸಿಗೆ ಸಮಾಧಾನವಿಲ್ಲ.

ಬ್ಲೂಸನ್ನ ತನ್ನದಾಗಿಸಿಕೊಂಡ ಹಾಡುಗಾರ, ಗಿಟಾರ್ ವಾದಕ ಪಿನೋ ದಾನಿಯೇಲೆ ಹುಟ್ಟಿದ್ದು 1955ರಲ್ಲಿ, ಇಟಲಿಯ ನೇಪಲ್ಸ್‌ನಲ್ಲಿ. 1943ರಲ್ಲಿ ಅಮೆರಿಕದ ಸೈನ್ಯ ಬಂದು ಸೇರಿದ ಬಂದರು ಊರು ಅದು. 1976ರಲ್ಲಿ ಅವರು ಬೇಸ್ ಗಿಟಾರ್ ನುಡಿಸೋಕೆ ಸೇರಿದ್ದು ಜೇಮ್ಸ್ ಸೆನೇಸೆಯ ತಂಡಕ್ಕೆ. ಸೆನೇಸೆಯ ತಂದೆ ಕಪ್ಪು ಅಮೆರಿಕನ್ ಸೈನಿಕ, ತಾಯಿ ಅದೇ ಊರಿನವಳು. 1980ರ ಆಲ್ಬಮ್ಮಿಗೆ ಪಿನೋ 'ನೇರೋ ಅ ಮೆತಾ' ಅಂತ ಹೆಸರಿಟ್ಟರು. ಅಂದ್ರೆ ಅರ್ಧ ಕಪ್ಪು. ನೀನು ಯಾವ ಅರ್ಧಕ್ಕೆ ನಾಚ್ತಿದ್ದೀಯೋ ಅದನ್ನೇ ಅವರು ಹೊದಿಕೆ ಮೇಲೆ ಬರೆಸಿದರು. ಮರುವರ್ಷ ಪ್ಲೆಬಿಶಿತೊ ಚೌಕದಲ್ಲಿ ಅವರನ್ನ ಕೇಳೋಕೆ ಸುಮಾರು 2 ಲಕ್ಷ ಜನ ಸೇರಿದ್ದರು ಅಂತಾರೆ.

ಹಾಡಿದ್ದು ಹೆಚ್ಚಾಗಿ ತಮ್ಮ ಬೀದಿಯ ನಪೊಲಿತಾನೊದಲ್ಲಿ, ಅಂದ್ರೆ ನೇಪಲ್ಸಿನ ಆಡುಮಾತಿನಲ್ಲಿ. ಪುಸ್ತಕದ ಇಟಾಲಿಯನ್‌ನಲ್ಲಿ ಪದದ ಕೊನೆಯ ಸ್ವರ ಪೂರ್ತಿ ಕೇಳುತ್ತೆ. ನೇಪಲ್ಸಿನವರ ಬಾಯಲ್ಲಿ ಅದು ಅರ್ಧಕ್ಕೇ ಕರಗುತ್ತೆ, ಪದ ತಾಳದ ಪೆಟ್ಟಿನ ಮೇಲೆ ಗಟ್ಟಿಯಾಗಿ ಕೂರುತ್ತೆ. ನಮ್ಮಲ್ಲೂ ಹಾಗೇ ಅಲ್ವಾ? 'ಬಂದುಬಿಟ್ಟ' ಜಾರುತ್ತೆ, 'ಬಂದ್ಬಿಟ್ಟ' ಕೂರುತ್ತೆ. ಬರೆದರೆ ಮಾತಾಡೋ ಕನ್ನಡದಲ್ಲೇ ಬರಿ. ಬ್ಲೂಸಿನ ಹನ್ನೆರಡು ಬಾರ್‌ನಲ್ಲಿ, ಅಂದ್ರೆ ತಾಳದ ಹನ್ನೆರಡು ಆವರ್ತದಲ್ಲಿ, ಸಾಲಿಗೆ ನಾಲ್ಕು: ಎರಡರಲ್ಲಿ ಹಾಡು, ಉಳಿದೆರಡು ಗಿಟಾರ್ ಉತ್ತರಕ್ಕೆ ಬಿಡು. ಹೊಸಬರು ಅಲ್ಲೂ ಪದ ತುಂಬಿ ಉಸಿರುಗಟ್ಟಿಸ್ತಾರೆ.

ನಕಲು ಅನ್ನೋ ಇದೇ ಮಾತಿಗೆ ಹೆದರಿ ಹನ್ನೆರಡು ವರ್ಷ ವಾದ್ಯ ಮುಟ್ಟದವನು ನಾನು. ಉಪದೇಶ ಮಾಡೋ ಹಕ್ಕು ನನಗೆಷ್ಟಿದೆಯೋ ಗೊತ್ತಿಲ್ಲ, ಆದರೂ ಒಂದು ಹೇಳ್ತೀನಿ. 'ಎ' ಶ್ರುತಿಯ ಬ್ಲೂಸ್‌ನಲ್ಲಿ ಮೂರನೇ ತಂತಿಯ 5ನೇ ಫ್ರೆಟ್ (ಗಿಟಾರಿನ ಕತ್ತಿನ ಮೇಲಿನ ಮನೆ) ಸಾಧಾರಣ ಗಾಂಧಾರ, 6ನೇದು ಅಂತರ ಗಾಂಧಾರ. ಮೊದಲು 6ನ್ನ ಮೀಟಿ ಕಿವಿಗೆ ಹಾಕಿಕೊ. ಆಮೇಲೆ 5ರಲ್ಲಿ ತೋರುಬೆರಳಿಟ್ಟು, ಮಣಿಕಟ್ಟು ತಿರುಗಿಸಿ ತಂತಿಯನ್ನ ನೆಲದ ಕಡೆ ಸ್ವಲ್ಪವೇ ಎಳೆದು, ಎರಡರ ನಡುವೆ ನಿಲ್ಲಿಸು. 6ರ ಸ್ವರ ಮುಟ್ಟಿದರೆ ಬ್ಲೂಸ್ ಹೋಯ್ತು. ಅಮ್ಮನ ಪಾಠದ ಗಮಕ ಕೇಳಿ ಬೆಳೆದ ಕಿವಿ ನಿನ್ನದು, ಆ ನಡುವಿನ ಜಾಗ ನಿನಗೆ ಹೊಸದಲ್ಲ. ಹಾಗಿರುವಾಗ ನಕಲು ಎಲ್ಲಿಂದ ಬಂತು ಹೇಳು.

ಅಕೌಸ್ಟಿಕ್ ಗಿಟಾರಿನ 12ರ ಸೆಟ್ಟಿನಲ್ಲಿ (ಮೊದಲ ತಂತಿ 0.012 ಇಂಚು ದಪ್ಪ) ಮೂರನೇ ತಂತಿಗೆ ಲೋಹದ ಸುತ್ತು ಇರುತ್ತೆ, ಎಳೆದರೆ ಸುಲಭಕ್ಕೆ ಬಗ್ಗಲ್ಲ, ಬೆರಳು ನೋಯುತ್ತೆ. ಎಲೆಕ್ಟ್ರಿಕ್‌ಗೆ ತೆಳು ತಂತಿಯ 10ರ ಸೆಟ್ ಹಾಕಿಸು. ದುಡ್ಡು ಕಳಿಸ್ತೀನಿ, ಬೇಜಾರು ಮಾಡ್ಕೋಬೇಡ.

ನಿನ್ನ ಮಾವ