ಚೆನ್ನಾಗಿದೆ ಅಂದುಬಿಟ್ಟೆ ಎಂದು ಬರೆದಿದ್ದೀಯಲ್ಲ

ಪ್ರೀತಿಯ ಮಗಳೇ,

ದೊಡ್ಡಮ್ಮನ ಆಶೀರ್ವಾದಗಳು. ನಿನ್ನ ಪತ್ರ ಬಂದು ಹತ್ತು ದಿನವಾಯಿತು. ಮೂರನೇ ಪುಟದಲ್ಲಿ ನೀನು ಬರೆದ ಮಾತೊಂದು ಮನಸ್ಸಿನಲ್ಲೇ ಕೂತುಬಿಟ್ಟಿತು, ಅದಕ್ಕೇ ಉತ್ತರ ತಡವಾಯಿತು. ಗೆಳತಿಯರೆಲ್ಲ ಸೇರಿ ಹೊಸ ಕಾದಂಬರಿಯೊಂದರ ಬಗ್ಗೆ ಮಾತಾಡುತ್ತಿದ್ದಿರಿ, ಒಬ್ಬರಾದ ಮೇಲೊಬ್ಬರು ಹೊಗಳಿದರು, ನಿನ್ನ ಸರದಿ ಬಂತು. "ನಾನೂ ಚೆನ್ನಾಗಿದೆ ಅಂದುಬಿಟ್ಟೆ ದೊಡ್ಡಮ್ಮ. ನೂರು ಪುಟ ದಾಟೋದ್ರಲ್ಲಿ ನನಗೆ ಸಾಕಾಗಿತ್ತು" ಅಂತ ಬರೆದಿದ್ದೀಯ. ಅದರ ಕೆಳಗೇ, "ನಾನೇನು ಸಾಹಿತ್ಯ ಓದಿದವಳಾ? ನನ್ನ ಅಭಿಪ್ರಾಯಕ್ಕೆ ಯಾವ ಬೆಲೆ?" ಅಂತಲೂ ಇದೆ.

ಎರಡನೆಯದಕ್ಕೆ ಮೊದಲು ಉತ್ತರ ಕೊಡುತ್ತೇನೆ, ಅದು ಸುಲಭ. ಕನ್ನಡದಲ್ಲಿ ನಮಗೆ ಸಿಕ್ಕಿರುವ ಅತಿ ಹಳೆಯ ಗ್ರಂಥ 9ನೇ ಶತಮಾನದ ಕವಿರಾಜಮಾರ್ಗ. ಕಾವ್ಯದ ಗುಣ ಯಾವುದು, ದೋಷ ಯಾವುದು ಎಂದು ತಿಳಿಸಲು ಹೊರಟ ಶಾಸ್ತ್ರ ಅದು. ಅಂಥ ಶಾಸ್ತ್ರವೇ ಇಲ್ಲಿಯ ಜನ 'ಕುರಿತೋದದೆಯೂ' ಕಾವ್ಯ ಬಲ್ಲವರು ಎಂದಿದೆ. ಪಟ್ಟುಹಿಡಿದು ಪಾಠ ಓದದಿದ್ದವರಿಗೂ ಅದು ಗೊತ್ತಾಗುತ್ತದೆ ಎಂದು ಅರ್ಥ. ಶಾಸ್ತ್ರ ಬರೆದವನೇ ಒಪ್ಪಿದ ಹಕ್ಕನ್ನು ನೀನ್ಯಾಕೆ ಬಿಟ್ಟುಕೊಡುತ್ತೀಯ?

ಮೊದಲನೆಯ ಮಾತು ಅಷ್ಟು ಬೇಗ ಮುಗಿಯುವಂಥದ್ದಲ್ಲ.

"ಹೇಗಿದೆ?" ಅಂತ ಯಾರಾದರೂ ಕೇಳಿದ ಕೂಡಲೇ ನಾವು ನ್ಯಾಯಾಧೀಶರ ಕುರ್ಚಿಯಲ್ಲಿ ಕೂರಿಸಲ್ಪಟ್ಟವರ ಹಾಗೆ ಗಾಬರಿಯಾಗುತ್ತೇವೆ. ಒಳ್ಳೆಯದು ಅನ್ನಬೇಕೋ, ಕೆಟ್ಟದ್ದು ಅನ್ನಬೇಕೋ, ತಪ್ಪು ಹೇಳಿದರೆ ಮಾನ ಹೋಗುತ್ತದೋ ಎಂದು ತಡಬಡಿಸುತ್ತೇವೆ. ಆದರೆ ನಿನ್ನನ್ನು ಅಲ್ಲಿ ಕರೆದದ್ದು ಸಾಕ್ಷಿ ಹೇಳಲು. ಓದುವಾಗ ನಿನಗೆ ಏನಾಯಿತು, ಅಷ್ಟೇ. "ನಾನು ನೂರನೇ ಪುಟದ ಹತ್ತಿರ ನಿಂತುಬಿಟ್ಟೆ. ಆ ಇಬ್ಬರು ಅಣ್ಣತಮ್ಮಂದಿರು ಯಾಕೆ ಜಗಳವಾಡುತ್ತಿದ್ದಾರೆ ಅಂತ ನನಗೆ ತಟ್ಟಲೇ ಇಲ್ಲ" ಎಂದಿದ್ದರೆ ಅಲ್ಲಿ ಯಾರೂ ನಿನ್ನನ್ನು ಅಲ್ಲಗಳೆಯುವ ಹಾಗಿರಲಿಲ್ಲ. ಅದು ನಿನಗೆ ಆದದ್ದು. ಬಹುಶಃ ಇನ್ನೊಬ್ಬಳು, "ನನಗೂ ಅಲ್ಲೇ ಎಡವಿತು, ಆದರೆ ಮುಂದೆ ತಂದೆಯ ಪತ್ರ ಬರುತ್ತಲ್ಲ, ಅಲ್ಲಿಂದ ಹಿಡಿಯಿತು" ಅನ್ನುತ್ತಿದ್ದಳು. ಆಗ ಆ ಸಂಜೆ ಪುಸ್ತಕದ ಮಾತು ಶುರುವಾಗುತ್ತಿತ್ತು. ಎಲ್ಲರೂ 'ಚೆನ್ನಾಗಿದೆ' ಅಂದ ಮೇಲೆ ಮಾತಾಡಲು ಏನು ಉಳಿಯಿತು?

ನೀನು ಒಂದು ಸುಳ್ಳು ಹೇಳಿದೆ ಎಂದು ನನಗೆ ಬೇಸರವಿಲ್ಲ. ಆ ಸುಳ್ಳಿನಿಂದ ನಿನಗೇ ನಷ್ಟವಾಯಿತು ಅನ್ನುವುದು ನನ್ನ ಸಂಕಟ. ಇನ್ನು ಮುಂದೆ ಆ ಗೆಳತಿಯರು ಅಂಥದ್ದೇ ಪುಸ್ತಕಗಳನ್ನು ಆರಿಸಿ ಪ್ರೀತಿಯಿಂದ ನಿನ್ನ ಕೈಗಿಡುತ್ತಾರೆ. ನಿನ್ನ ರುಚಿ ಏನು ಎಂದು ತಿಳಿಯುವ ಅವಕಾಶವನ್ನು ನೀನು ಅವರಿಗೆ ಕೊಡಲೇ ಇಲ್ಲ.

ಹಾಗಂತ 'ಇಷ್ಟವಾಗಲಿಲ್ಲ' ಎಂದು ಧೈರ್ಯವಾಗಿ ಹೇಳಿಬಿಟ್ಟರೆ ಪ್ರಾಮಾಣಿಕತೆ ಬಂದಹಾಗಲ್ಲ. ಇದನ್ನು ನಾನು ಕಲಿತ ಬಗೆಯನ್ನು ನಿನ್ನ ಅಮ್ಮನಿಗೂ ಹೇಳಿಲ್ಲ, ನಿನಗೆ ಹೇಳುತ್ತೇನೆ.

ನನಗಾಗ 31 ವರ್ಷ. ನಿನ್ನ ಅಜ್ಜಿ ಹಾಸಿಗೆ ಹಿಡಿದು ಎರಡನೇ ವರ್ಷ ನಡೆಯುತ್ತಿತ್ತು. ಗೆಳತಿಯೊಬ್ಬಳು ಒಂದು ಕಾದಂಬರಿ ಕೊಟ್ಟಳು. ಕಾಯಿಲೆಯ ತಾಯಿಯನ್ನು ನೋಡಿಕೊಳ್ಳುವ ಮಗಳ ಕಥೆ. ಅದರಲ್ಲೊಂದು ರಾತ್ರಿ, ಪಕ್ಕದ ಕೋಣೆಯಿಂದ ತಾಯಿ ಕರೆದದ್ದು ಕೇಳಿಸಿದರೂ ಆ ಮಗಳು ಕೇಳಿಸದವಳ ಹಾಗೆ ಕಣ್ಣುಮುಚ್ಚಿ ಮಲಗಿರುತ್ತಾಳೆ. ನಾನು ಪುಸ್ತಕವನ್ನು ಹಿಂದಕ್ಕೆ ಕೊಡುತ್ತಾ, "ಪಾತ್ರ ಕೃತಕವಾಗಿದೆ, ಯಾವ ಮಗಳೂ ಹಾಗಿರೋದಿಲ್ಲ" ಎಂದೆ. ಗಟ್ಟಿಯಾಗಿಯೇ ಹೇಳಿದೆ. ಇನ್ನೂ ಇಬ್ಬರಿಗೆ ಓದಬೇಡಿ ಎಂದೆ. ಗೆಳತಿ ನನ್ನ ಮುಖ ನೋಡಿ ಸುಮ್ಮನಾದಳು.

ಹಾಗೆ ಕಣ್ಣುಮುಚ್ಚಿ ಮಲಗಿದ ರಾತ್ರಿಗಳು ನನಗೂ ಇದ್ದವು, ಮಗೂ.

ಇಪ್ಪತ್ತು ವರ್ಷ ಕಳೆದ ಮೇಲೆ ಆ ಪುಸ್ತಕ ಮತ್ತೆ ಕೈಗೆ ಬಂತು. ಆ ಪುಟ ಬಂದಾಗ ಕೃತಕವಾದದ್ದು ಅಲ್ಲಿ ಒಂದು ಅಕ್ಷರವೂ ಕಾಣಲಿಲ್ಲ. ಇಡೀ ಪುಸ್ತಕದಲ್ಲಿ ಅಷ್ಟು ನಿಜವಾದ ಪುಟ ಇನ್ನೊಂದಿರಲಿಲ್ಲ. ಅಂದು ನಾನು ಹೇಳಬೇಕಾಗಿದ್ದ ಮಾತು "ಈ ಪುಟ ನನಗೆ ಓದಲಾಗಲಿಲ್ಲ" ಅನ್ನುವುದು. ಅಷ್ಟು ಹೇಳಿದ್ದರೆ ಆ ಗೆಳತಿ ನನ್ನ ಪಕ್ಕ ಕೂತಿರುತ್ತಿದ್ದಳು. ಅವಳು ಆ ಪುಸ್ತಕ ಕೊಟ್ಟದ್ದೇ ಅದಕ್ಕೋ ಏನೋ.

ಆದ್ದರಿಂದ 'ಇಷ್ಟವಾಗಲಿಲ್ಲ' ಅನ್ನುವ ಮಾತು ಬಾಯಿಗೆ ಬಂದಾಗ ಅದನ್ನು ಒಡೆದು ನೋಡು. ಬೇಜಾರಾಯಿತೋ? ನಂಬಿಕೆ ಬರಲಿಲ್ಲವೋ? ನೋವಾಯಿತೋ? ಹೊರಗೆ ಮೂರೂ ಒಂದೇ ಮುಖ ಹಾಕಿಕೊಂಡು ಬರುತ್ತವೆ. ಬೇಜಾರಾಗಿದ್ದರೆ ಅಂದು ನಿನಗೆ ನಿದ್ದೆ ಸಾಲದೆ ಇದ್ದಿರಬಹುದು. ನಂಬಿಕೆ ಬರದಿದ್ದರೆ ಎಲ್ಲಿ ಬರಲಿಲ್ಲ ಎಂದು ಪುಟ ತೋರಿಸಬಹುದು, ಅಲ್ಲಿ ನಿನ್ನ ಮಾತಿಗೆ ತೂಕ ಹೆಚ್ಚು. ನೋವಾಗಿದ್ದರೆ, ತಪ್ಪು ಪುಸ್ತಕದ್ದು ಎಂದು ಹೇಳುವ ಮೊದಲು ಸ್ವಲ್ಪ ಕಾಯಬೇಕು.

ದೊಡ್ಡ ದೊಡ್ಡವರಿಗೂ ಇದು ಆಗಿದೆ. ರಷ್ಯಾದ ಲೇಖಕ ಟಾಲ್‌ಸ್ಟಾಯ್‌ಗೆ ಶೇಕ್ಸ್‌ಪಿಯರ್ ಹಿಡಿಸುತ್ತಿರಲಿಲ್ಲ. ಜಗತ್ತೆಲ್ಲ ಹೊಗಳುವ ನಾಟಕಗಳು ತನಗೆ ಬೇಸರ ತರಿಸುತ್ತವಲ್ಲ, ಕೊರತೆ ತನ್ನಲ್ಲೇ ಇದೆಯೋ ಎಂದು ಆತ ಜೀವನವಿಡೀ ಮತ್ತೆ ಮತ್ತೆ ಓದಿ ಪರೀಕ್ಷಿಸಿಕೊಂಡ. 75ರ ವಯಸ್ಸಿನಲ್ಲಿ ಇನ್ನೊಮ್ಮೆ ಎಲ್ಲವನ್ನೂ ಓದಿ, ಆಮೇಲೆ ತನಗೆ ಅನ್ನಿಸಿದ್ದನ್ನು ಬರೆದ. ಆ ಪ್ರಬಂಧ 1906ರಲ್ಲಿ ಪ್ರಕಟವಾಯಿತು. ಅದರಲ್ಲಿ ಅವನು ವಿವರವಾಗಿ ಬಿಡಿಸಿ ಟೀಕಿಸಿದ್ದು 'ಕಿಂಗ್ ಲಿಯರ್' ನಾಟಕವನ್ನು. 1947ರಲ್ಲಿ ಇಂಗ್ಲಿಷ್ ಲೇಖಕ ಜಾರ್ಜ್ ಆರ್ವೆಲ್ ಇದಕ್ಕೆ ಉತ್ತರ ಬರೆಯುತ್ತಾ ಒಂದು ವಿಷಯ ಎತ್ತಿದ. ಲಿಯರ್ ತನ್ನ ರಾಜ್ಯ ಬಿಟ್ಟುಕೊಟ್ಟು, ಅದರಿಂದ ನೆಮ್ಮದಿ ಸಿಗದೆ ಅಲೆದ ಮುದುಕ. ಟಾಲ್‌ಸ್ಟಾಯ್ ಕೂಡ ಆಸ್ತಿಯನ್ನೂ ಕೃತಿಗಳ ಹಕ್ಕನ್ನೂ ಬಿಡಲು ಹೊರಟವನು. 1910ರಲ್ಲಿ, 82ನೇ ವಯಸ್ಸಿನಲ್ಲಿ ಮನೆ ಬಿಟ್ಟು ಹೊರಟು, ಒಂದು ಸಣ್ಣ ರೈಲ್ವೆ ನಿಲ್ದಾಣದಲ್ಲಿ ಪ್ರಾಣ ಬಿಟ್ಟವನು. ಆ ನಾಟಕದ ಮೇಲಿನ ಅವನ ಸಿಟ್ಟಿಗೆ ಈ ಹೋಲಿಕೆಯೂ ಕಾರಣವಿರಬಹುದು ಎಂಬುದು ಆರ್ವೆಲ್‌ನ ತರ್ಕ. ನನಗೆ ಇಬ್ಬರ ಮೇಲೂ ಗೌರವ. ಎದುರಿಗೆ ಜಗತ್ತೇ ನಿಂತರೂ ಓದಿ, ಮತ್ತೆ ಓದಿ, ಆಮೇಲೆ ಬಾಯಿಬಿಟ್ಟವನು ಒಬ್ಬ. ಆ ಮಾತಿನ ಹಿಂದೆ ಇರಬಹುದಾದ ಗಾಯವನ್ನು ಕಂಡವನು ಇನ್ನೊಬ್ಬ.

ಇಷ್ಟವಾದದ್ದರ ವಿಷಯದಲ್ಲೂ ಹೀಗೇ ಒಳಗೊಂದು ಕಾರಣವಿರುತ್ತದೆ. ನನ್ನ ಪಕ್ಷಪಾತ ನಿನಗೆ ಗೊತ್ತಿರಲಿ: ಕಾದಂಬರಿಯಲ್ಲಿ ಯಾರಾದರೂ ಒಂದು ಕೆಲಸವನ್ನು ಮೈಮರೆತು ಮಾಡುತ್ತಿದ್ದರೆ ನಾನು ಅರ್ಧ ಸೋತೆ ಎಂದೇ ಲೆಕ್ಕ. ತೇಜಸ್ವಿಯವರ 'ಕರ್ವಾಲೊ' (1980) ಎಷ್ಟು ಸಲ ಓದಿದ್ದೇನೋ. ಊರವರ ಕಣ್ಣಿಗೆ ಕೆಲಸಕ್ಕೆ ಬಾರದವನಾದ ಮಂದಣ್ಣನಲ್ಲಿ ವಿಜ್ಞಾನಿ ಕರ್ವಾಲೊ ಒಬ್ಬ ಹುಟ್ಟು ಜೀವಶಾಸ್ತ್ರಜ್ಞನನ್ನು ಕಾಣುತ್ತಾರಲ್ಲ, ಅಲ್ಲಿಗೆ ಬಂದಾಗ ಈಗಲೂ ನನ್ನ ಎದೆ ತುಂಬುತ್ತದೆ. ಆದರೆ ಪ್ರೇಮಕಥೆಗಳ ಬಗ್ಗೆ ನನ್ನ ತಾಳ್ಮೆ ಕಡಿಮೆ. ಪ್ರೇಮದ ಕಾದಂಬರಿಯನ್ನು ನಾನು 'ಸುಮಾರು' ಅಂದರೆ ಅದನ್ನು ನಂಬಬೇಡ, ನೀನೇ ಓದಿ ನೋಡು. ನಿನ್ನ ಅಭಿಪ್ರಾಯ ಹೇಳುವಾಗ ನಿನ್ನ ಒಲವನ್ನೂ ಜೊತೆಗೇ ಹೇಳಿಬಿಡು. ಕೇಳುವವರು ಕೂಡಿ ಕಳೆದು ತಮಗೆ ಬೇಕಾದಷ್ಟನ್ನು ತೆಗೆದುಕೊಳ್ಳುತ್ತಾರೆ.

ಈಗ ನಮ್ಮಿಬ್ಬರ ಜಗಳಕ್ಕೆ ಬರುತ್ತೇನೆ. ವಿವೇಕ ಶಾನಭಾಗರ 'ಘಾಚರ್ ಘೋಚರ್' ಓದಿ ನೀನು "ಕೊನೆಯಲ್ಲಿ ಲೇಖಕರು ಕೈಬಿಟ್ಟರು" ಎಂದು ಬರೆದೆ. ನಾನು ಒಪ್ಪುವುದಿಲ್ಲ. ಆ ಕಥೆ ಹೇಳುವವನು ಮೊದಲಿನಿಂದಲೂ ಮನೆಯವರ ಬಗ್ಗೆ ಒಂದು ಮಾತು ಹೇಳಿ, ಇನ್ನೊಂದನ್ನು ನುಂಗುತ್ತಾ ಬರುವವನು. ಕೈತುಂಬ ಹಣ ಬಂದ ಮನೆಯಲ್ಲಿ ಯಾರು ಯಾರಿಗೆ ಹೆದರುತ್ತಾರೆ ಎಂಬುದನ್ನು ಅವನು ನೇರವಾಗಿ ಹೇಳುವುದೇ ಇಲ್ಲ. ಹಳೆಯ ಮನೆಯ ಇರುವೆಗಳನ್ನು ಅವರೆಲ್ಲ ಎಂಥ ಹಟದಿಂದ ಕೊಲ್ಲುತ್ತಿದ್ದರು ಎಂದು ಮಾತ್ರ ವಿವರವಾಗಿ ಹೇಳುತ್ತಾನೆ. ಅಂಥವನು ಕೊನೆಯ ಪುಟದಲ್ಲಿ ಇದ್ದಕ್ಕಿದ್ದಂತೆ ಎಲ್ಲವನ್ನೂ ಒದರಿಬಿಟ್ಟರೆ ಆ ಕಥೆಗೇ ಮೋಸ. ಬಿಡಿಸಲಾಗದ ಗೋಜಲಿಗೆ ಒಂದು ಮನೆಯವರು ಮಾತ್ರ ಬಳಸುವ ಪದ ಆ ಶೀರ್ಷಿಕೆ. ಆ ಗೋಜಲಿನ ಎಳೆ ನಮ್ಮ ಕೈಯಲ್ಲೇ ಉಳಿಯುತ್ತದೆ.

ಆದರೂ ನಿನ್ನ ಪತ್ರದ ಮೇಲೆ ಕೊನೆಯ ಪುಟಗಳನ್ನು ಮತ್ತೆ ಓದಿದೆ. ನನ್ನ ಅಭಿಪ್ರಾಯ ಬದಲಾಗಲಿಲ್ಲ, ನಿನ್ನ ಸಿಟ್ಟು ಅರ್ಥವಾಯಿತು. ಕಥೆ ಹೇಳುವವನ ಹೆಂಡತಿ ಅನಿತಳಿಗೆ ಏನಾಯಿತು ಎಂಬ ಪ್ರಶ್ನೆಯನ್ನು ಎದುರಿಗಿಟ್ಟು ಕಥೆ ಎದ್ದುಹೋದಾಗ ನಿನ್ನ ವಯಸ್ಸಿನ ಹುಡುಗಿಗೆ ಸಿಟ್ಟು ಬರಲೇಬೇಕು. 'ಕೈಬಿಟ್ಟರು' ಅನ್ನುವ ಬದಲು "ನನಗೆ ಅನಿತಳ ಚಿಂತೆಯಾಗಿ ಸಿಟ್ಟು ಬಂತು" ಎಂದು ನೀನು ಬರೆದಿದ್ದರೆ, ನಾನು ಜಗಳವನ್ನೇ ಆಡುತ್ತಿರಲಿಲ್ಲ. ಕವಿರಾಜಮಾರ್ಗದಲ್ಲೇ ಇನ್ನೊಂದು ಮಾತಿದೆ, ಬೇರೆಯವರ ವಿಚಾರವನ್ನು ಸೈರಿಸಬಲ್ಲ ಗುಣವೇ ಬಂಗಾರ ಎಂದು. ಸೈರಿಸುವುದು ಅಂದರೆ ಹೂಂಗುಟ್ಟುವುದು ಎಂದು ನಾನು ತಿಳಿದಿಲ್ಲ. ಎದುರಿನವರು ಹೇಳಿದ ಪುಟಕ್ಕೆ ವಾಪಸ್ಸು ಹೋಗಿ ನೋಡುವುದು.

ಗೆಳತಿಯರ ನಡುವೆ ಇಷ್ಟೆಲ್ಲ ಬಿಡಿಸಿ ಹೇಳುವ ಮನಸ್ಸು ಒಂದೊಂದು ದಿನ ಇರುವುದಿಲ್ಲ. ಆಗ ಸುಮ್ಮನಿರಬಹುದು. ಫ್ರೆಂಚ್ ಲೇಖಕ ದಾನಿಯೆಲ್ ಪೆನ್ನಾಕ್ 1992ರಲ್ಲಿ ಓದುಗರ ಹತ್ತು ಹಕ್ಕುಗಳನ್ನು ಬರೆದ. ಓದದೆ ಇರುವ ಹಕ್ಕು, ಪುಟ ಹಾರಿಸುವ ಹಕ್ಕು, ಮುಗಿಸದೆ ಬಿಡುವ ಹಕ್ಕು, ಹೀಗೆ ಶುರುವಾಗುವ ಪಟ್ಟಿಯ ಹತ್ತನೆಯದು ಸುಮ್ಮನಿರುವ ಹಕ್ಕು. "ಇನ್ನೂ ಗೊತ್ತಾಗ್ತಾ ಇಲ್ಲ, ಆಮೇಲೆ ಹೇಳ್ತೀನಿ" ಅನ್ನುವುದೂ ನಿಜವಾದ ಉತ್ತರವೇ. ಅರ್ಧಕ್ಕೆ ಬಿಟ್ಟಿದ್ದರೆ ಅರ್ಧಕ್ಕೆ ಬಿಟ್ಟೆ ಎಂದು ಮೊದಲೇ ಹೇಳು. ಓದದ ಪುಟಗಳ ಬಗ್ಗೆ ಮಾತ್ರ ಮಾತಾಡಬೇಡ.

ಬರೆದವರೇ ಎದುರಿಗೆ ಕೂತು ಕೇಳಿದರೆ ಏನು ಮಾಡಲಿ ಎಂದೂ ಕೇಳಿದ್ದೀಯ. ಹತ್ತು ಜನರ ಮುಂದೆ ಬೇಡ, ಒಬ್ಬರೇ ಇದ್ದಾಗ ಹೇಳು. ಹಿಡಿಸಿದ ಜಾಗ, ಕೈಜಾರಿದ ಜಾಗ, ಎರಡನ್ನೂ ಪುಟದ ಸಮೇತ ಹೇಳು. ವರ್ಷಗಟ್ಟಲೆ ಬರೆದವರಿಗೆ ಬಾಯಿಮಾತಿನ 'ಸೂಪರ್' ಕೊಟ್ಟು ಎದ್ದುಬರುವುದು ಅವರ ದುಡಿಮೆಗೆ ಮಾಡುವ ಅವಮಾನ.

ನಾನು ಈಚೆಗೆ ಓದಿದ್ದೇನು ಎಂದು ಕೇಳಿದ್ದೀಯಲ್ಲ. ಕುವೆಂಪು ಅವರ 'ಮಲೆಗಳಲ್ಲಿ ಮದುಮಗಳು' ಮುಗಿಸಿ ಎರಡು ವಾರವಾಯಿತು. 1967ರ ಕಾದಂಬರಿ ಅದು. 25ರ ವಯಸ್ಸಿನಲ್ಲಿ ನಾನದನ್ನು ಎರಡು ಸಲ ಅರ್ಧಕ್ಕೆ ಬಿಟ್ಟಿದ್ದೆ. ಒಂದು ಹೆಸರು ನೆನಪಿಗೆ ಹತ್ತುವುದರೊಳಗೆ ಇನ್ನು ನಾಲ್ಕು ಹೆಸರು ಬರುತ್ತಿದ್ದವು. ಕಥಾನಾಯಕ ಯಾರು ಎಂದು ಹುಡುಕಿ ಹುಡುಕಿ ಸೋತಿದ್ದೆ. ಇಲ್ಲಿ ಯಾರೂ ಮುಖ್ಯರಲ್ಲ, ಯಾರೂ ಅಮುಖ್ಯರಲ್ಲ ಎಂದು ಪುಸ್ತಕದ ಬಾಗಿಲಲ್ಲೇ ಬರೆದಿಟ್ಟಿದ್ದಾರೆ. ಅದನ್ನು ಆಗಲೂ ಓದಿದ್ದೆ, ಒಳಗೆ ಇಳಿದಿರಲಿಲ್ಲ. ಈ ಸಲ ನಾಯಕನನ್ನು ಹುಡುಕುವುದು ಬಿಟ್ಟೆ. ಗುತ್ತಿಯ ಹಿಂದೆ ಹೋದೆ, ಐತ ಪೀಂಚಲುವಿನ ಬಿಡಾರದಲ್ಲಿ ಕೂತೆ, 'ಹುಲಿಯ' ಎಂಬ ಗುತ್ತಿಯ ನಾಯಿ ಕಾಣದ ಅಧ್ಯಾಯಗಳಲ್ಲಿ ಅದು ಎಲ್ಲಿದೆಯೋ ಎಂದು ಯೋಚಿಸಿದೆ. ಮುಂದಿನದ್ದು ಹೇಳುವುದಿಲ್ಲ, ನೀನಿನ್ನೂ ಓದಿಲ್ಲ. ನನಗೆ ಹಿಡಿಸದ ಜಾಗಗಳೂ ಇವೆ. ಕೆಲವು ಕಡೆ ಕಾಡಿನ ವರ್ಣನೆ ಮುಗಿದರೆ ಸಾಕಪ್ಪಾ ಅನ್ನಿಸಿ, ಎರಡು ಮೂರು ಪುಟ ಹಾರಿಸಿದ್ದೇನೆ. ಕುವೆಂಪು ಅವರದ್ದು ಎಂದು ಅದನ್ನು ಮುಚ್ಚಿಡಲಾರೆ.

ನನ್ನ ಪ್ರತಿಯನ್ನೇ ನಿನಗೆ ಕಳಿಸುತ್ತಿದ್ದೇನೆ. ಅಂಚಿನಲ್ಲಿ ಪೆನ್ಸಿಲ್ ಗುರುತುಗಳಿವೆ: ನಿಂತು ಓದಿದ ಕಡೆ ಒಂದು ಗೆರೆ, ಹಾರಿಸಿದ ಕಡೆ ಒಂದು ಬಾಣ, 25ರ ವಯಸ್ಸಿನಲ್ಲಿ ಬಿಟ್ಟ ಎರಡು ಕಡೆ ಆಗ ಹಾಕಿದ್ದ ತಾರೀಖು. ಅವನ್ನು ನೋಡಿ ನೀನು ಗೆರೆ ಎಳೆಯಬೇಡ. ಓದುವಾಗ ಬೇರೆ ಕಾಗದದಲ್ಲಿ ನಿನ್ನ ಪುಟಗಳನ್ನು ಬರೆದುಕೋ, ಮುಗಿದ ಮೇಲೆ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡೋಣ. ಅರ್ಧಕ್ಕೆ ಬಿಟ್ಟರೆ ಎಷ್ಟನೇ ಪುಟದಲ್ಲಿ ಬಿಟ್ಟೆ ಎಂದು ತಿಳಿಸು. ಅಮ್ಮನಿಗೆ ನಾನು ಕೇಳಿದೆ ಎಂದು ಹೇಳು.

ಇಂತಿ,
ನಿನ್ನ ದೊಡ್ಡಮ್ಮ