ಫೋಟೋದಲ್ಲಿರುವ 51 ಎಲೆಗಳು

ಷಿಕಾಗೊ
ಭಾನುವಾರ ರಾತ್ರಿ

ತೀರ್ಥರೂಪ ಅಪ್ಪನವರಿಗೆ ಮತ್ತು ಅಮ್ಮನಿಗೆ ನಮಸ್ಕಾರಗಳು.

ಉಭಯ ಕುಶಲೋಪರಿ. ನಾನು ಇಲ್ಲಿ ಆರೋಗ್ಯವಾಗಿದ್ದೇನೆ, ನೀವೂ ಹಾಗೆಯೇ ಇದ್ದೀರೆಂದು ನಂಬಿದ್ದೇನೆ. ಪುಟ್ಟಿಯ ಪರೀಕ್ಷೆ ಮುಗಿಯಿತೇ?

ನೀವು ಬರೆದ ಪತ್ರವನ್ನು ಪುಟ್ಟಿ ಫೋಟೋ ತೆಗೆದು ಕಳುಹಿಸಿದ್ದಾಳೆ. ಮೂರು ಪುಟಗಳನ್ನೂ ಎರಡೆರಡು ಸಲ ಓದಿದೆ. ಫೋನಿನಲ್ಲಿ ಹೇಳಹೊರಟರೆ ಅಮ್ಮ ಅಳುತ್ತಾಳೆ, ನೀವು ಫೋನನ್ನು ಅವಳ ಕೈಗಿತ್ತು ಎದ್ದುಹೋಗುತ್ತೀರಿ. ಆದ್ದರಿಂದ ಬರೆದೇ ತಿಳಿಸುತ್ತಿದ್ದೇನೆ. ನನಗೆಂದು ಮಾತುಕತೆ ನಡೆಸುತ್ತಿರುವ ಹುಡುಗಿಯ ಸೋದರಮಾವ ನನ್ನ ಒಂದು ಫೋಟೋ ನೋಡಿ, ನಾನು ಜೂಜಾಡುತ್ತೇನೆಂದು ತಿಳಿದಿದ್ದಾರೆಂದು ಬರೆದಿದ್ದೀರಿ. ಆ ಫೋಟೋ ಸುಳ್ಳಲ್ಲ. ಅದರಲ್ಲಿರುವವನು ನಾನೇ, ಕೈಯಲ್ಲಿರುವುದು ಇಸ್ಪೀಟ್ ಎಲೆಗಳೇ, ಗೋಡೆಯ ಗಡಿಯಾರದಲ್ಲಿ ಹತ್ತೂವರೆ ಆಗಿರುವುದೂ ನಿಜ. ಆದರೆ ನಾನು ಇಸ್ಪೀಟ್ ಆಡುತ್ತಿರಲಿಲ್ಲ. ಆ ಮೇಜಿನ ಮೇಲೆ ನಾನು ಒಂದು ಸೆಂಟನ್ನೂ ಇಟ್ಟವನಲ್ಲ. ಚಿಕ್ಕಪ್ಪನ ಪಾಡನ್ನು ಕಣ್ಣಾರೆ ಕಂಡು ಬೆಳೆದ ನನಗೆ ಇದನ್ನು ಬರೆದು ತಿಳಿಸಬೇಕಾಗಿ ಬಂತಲ್ಲ ಎಂಬುದೇ ಬೇಸರ. ಮುಂದೆ ಇದ್ದ ಗ್ಲಾಸಿನಲ್ಲಿ ಇದ್ದದ್ದು ಶುಂಠಿ ಸೋಡಾ. ಬರೀ ಸೋಡಾ.

ಅಂದು ನಾನು ಹೋದದ್ದು ಜಾದೂ ನೋಡಲು. ನಮ್ಮ ತಂಡವನ್ನು ಬಿಟ್ಟು ಹೋಗುತ್ತಿದ್ದ ಸಹೋದ್ಯೋಗಿಯೊಬ್ಬರ ಬೀಳ್ಕೊಡುಗೆಗೆಂದು ಆರು ಜನ ಸೇರಿ ಟಿಕೆಟ್ ತೆಗೆಸಿದ್ದೆವು; ತಲೆಗೆ 45 ಡಾಲರ್. ಅಮ್ಮ ಇದನ್ನು ರೂಪಾಯಿಗೆ ಗುಣಿಸುವುದು ಬೇಡ. ಜಾದೂ ಎಂದೊಡನೆ ನಿಮಗೆ ದೊಡ್ಡ ವೇದಿಕೆ, ಹೊಗೆ, ಪೆಟ್ಟಿಗೆಯಲ್ಲಿ ಮಲಗಿದ ಹೆಂಗಸು, ಗರಗಸ ಇವೆಲ್ಲ ಕಣ್ಣಿಗೆ ಕಟ್ಟಬಹುದು. ಇದು ಅಂಥದ್ದಲ್ಲ. ಹಸಿರು ಬಟ್ಟೆ ಹಾಸಿದ ಒಂದು ಪುಟ್ಟ ಮೇಜು, ಅದರ ಹಿಂದೆ ಒಬ್ಬ ಮನುಷ್ಯ, ಸುತ್ತ ಇಪ್ಪತ್ತೈದು ಕುರ್ಚಿ, ಅಷ್ಟೇ. ನಾನು ಕುಳಿತದ್ದು ಮೊದಲ ಸಾಲಿನಲ್ಲಿ, ಮೊಣಕಾಲು ಮೇಜಿಗೆ ತಾಗುವಷ್ಟು ಹತ್ತಿರ. ಅವನ ಹೆಬ್ಬೆರಳಿನ ಹಳೆಯ ಗಾಯದ ಗುರುತು ನನಗೆ ಕಾಣುತ್ತಿತ್ತು. ಅಂಗಿಯ ತೋಳು ಮೊಣಕೈವರೆಗೆ ಮಡಚಿತ್ತು, ಉಂಗುರವಿಲ್ಲ, ಕೈಗಡಿಯಾರವಿಲ್ಲ.

ಈ ಊರಿಗೂ ಇಂಥ ಜಾದೂವಿಗೂ ಹಳೆಯ ನಂಟು. ಇಲ್ಲಿನ ಪಾನಗೃಹಗಳಲ್ಲಿ, ಊಟದ ಮೇಜುಗಳಲ್ಲಿ ಎಲೆ ಹಿಡಿದು ಗಿರಾಕಿಗಳನ್ನು ನಗಿಸುವುದು ದಶಕಗಳ ಸಂಪ್ರದಾಯ. 2018ರಲ್ಲಿ ತೆರೆದ ಷಿಕಾಗೊ ಮ್ಯಾಜಿಕ್ ಲೌಂಜ್ ಎಂಬ ಜಾಗದ ಮುಂಭಾಗ ಥೇಟು ಲಾಂಡ್ರಿಯಂತಿದೆ. ಬಟ್ಟೆ ಒಗೆಯುವ ಯಂತ್ರಗಳನ್ನು ದಾಟಿ ಗುಪ್ತ ಬಾಗಿಲಿನಿಂದ ಒಳಗೆ ಹೋಗಬೇಕು. ನಾವು ಹೋದದ್ದು ಅಲ್ಲಿಗಲ್ಲ, ಇನ್ನೂ ಚಿಕ್ಕ ಜಾಗಕ್ಕೆ. ಆದರೆ ಇಲ್ಲಿನವರು ಇದನ್ನು ಪೋಲಿತನವೆಂದು ಎಣಿಸುವುದಿಲ್ಲ, ಸಂಗೀತ ಕಛೇರಿಗೆ ಹೋದಂತೆ ಹೋಗುತ್ತಾರೆ ಎಂಬುದನ್ನು ಸೋದರಮಾವನವರಿಗೆ ದಯವಿಟ್ಟು ತಿಳಿಸಿ.

ಸಂಗೀತ ಕಛೇರಿಗೂ ಇದಕ್ಕೂ ಒಂದು ವ್ಯತ್ಯಾಸವಿದೆ. ಇಲ್ಲಿ ಬೈಯುತ್ತಾರೆ. ಜಾದೂಗಾರನಿಗೆ ಅರವತ್ತು ದಾಟಿರಬೇಕು, ಮುಖದಲ್ಲಿ ನಗುವೆಂಬುದು ಇಲ್ಲವೇ ಇಲ್ಲ. ಐದು ನಿಮಿಷ ತಡವಾಗಿ ಬಂದ ದಂಪತಿಗಳಿಗೆ, "ನಿಮ್ಮ ಮದುವೆಗೂ ಹೀಗೆ ತಡವಾಗಿ ಬಂದಿದ್ದರೆ ಇಬ್ಬರೂ ಬಚಾವಾಗುತ್ತಿದ್ದಿರಿ" ಎಂದ. ಎಲೆಗಳನ್ನು ಮೆಲ್ಲಮೆಲ್ಲಗೆ ಕಲೆಸುತ್ತಿದ್ದ ಹೆಂಗಸೊಬ್ಬರಿಗೆ, "ಕಲೆಸಿ ಎಂದೆ ತಾಯಿ, ಸಮಾಧಾನ ಮಾಡಿ ಎನ್ನಲಿಲ್ಲ" ಎಂದ. ಬೈಸಿಕೊಂಡವರೇ ಎಲ್ಲರಿಗಿಂತ ಜೋರಾಗಿ ನಗುತ್ತಿದ್ದರು. ಕೆಲವು ಮಾತುಗಳು ನನಗೆ ಹಿಡಿಸಲಿಲ್ಲ. ದಪ್ಪಗಿದ್ದ ಒಬ್ಬರ ಮೈಕಟ್ಟನ್ನು ಹಿಡಿದು ಮೂರು ಸಲ ಆಡಿಕೊಂಡದ್ದು ಹಾಸ್ಯಕ್ಕಿಂತ ಸೋಮಾರಿತನವೆಂದು ತೋರಿತು.

ಆಮೇಲೆ ನನ್ನ ಸರದಿ ಬಂತು. ಏನು ಕೆಲಸ ಮಾಡುತ್ತೀಯ ಎಂದು ಕೇಳಿದ. ಸಾಫ್ಟ್‌ವೇರ್ ಪರೀಕ್ಷಿಸುವ ಕೆಲಸ ಎಂದೆ. "ಅಂದರೆ ಬೇರೆಯವರು ಕಷ್ಟಪಟ್ಟು ಮಾಡಿದ್ದರಲ್ಲಿ ಕೂತುಕೊಂಡು ತಪ್ಪು ಹುಡುಕುವುದಕ್ಕೆ ನಿನಗೆ ಸಂಬಳ. ಬಾ, ನನ್ನದರಲ್ಲೂ ಹುಡುಕು" ಎಂದು ಎಲೆಗಳನ್ನು ಬೀಸಣಿಗೆಯಂತೆ ಹರಡಿ ಮುಂದೆ ಹಿಡಿದ. ನಾನು ಎಳೆದದ್ದು ಕಳಾವರ್ ನಾಲ್ಕು. "52 ಎಲೆಗಳಲ್ಲಿ ಇದಕ್ಕಿಂತ ಸಪ್ಪೆಯಾದದ್ದು ಇನ್ನೊಂದಿಲ್ಲ, ಹೇಗೆ ಒಬ್ಬರನ್ನೊಬ್ಬರು ಹುಡುಕಿಕೊಂಡಿರಿ?" ಎಂದು ಪೆನ್ನು ಕೊಟ್ಟು, ಎಲೆಯ ಮೇಲೆ ಸಹಿ ಹಾಕಲು ಹೇಳಿದ. ನಾನು ಕನ್ನಡದಲ್ಲಿ ಹಾಕಿದೆ. ಅದನ್ನು ಮೇಲೆ ಕೆಳಗೆ ತಿರುಗಿಸಿ ನೋಡಿ, "ಸಹಿ ಹಾಕು ಎಂದೆ, ಪೆನ್ನು ಬರೆಯುತ್ತದೆಯೋ ಇಲ್ಲವೋ ನೋಡು ಎನ್ನಲಿಲ್ಲ" ಎಂದ. ಎಲ್ಲರೂ ನಕ್ಕರು. ನನಗೆ ಒಂದು ಕ್ಷಣ ಚುರುಕ್ಕೆಂದದ್ದು ನಿಜ, ಆದರೆ ಒಳಗೊಳಗೇ ಹೆಮ್ಮೆಯೂ ಆಯಿತು: ಇನ್ನು ಇವನು ಇದೇ ತರಹದ ಬೇರೆ ಎಲೆ ತಂದು ತೋರಿಸುವಂತಿಲ್ಲ, ನನ್ನ ಅಕ್ಷರವನ್ನು ನಕಲು ಮಾಡಬಲ್ಲವರು ಆ ಕೋಣೆಯಲ್ಲಿ ಯಾರೂ ಇರಲಿಲ್ಲ.

ಆ ಎಲೆಯನ್ನು ಪ್ಯಾಕಿನ ನಡುವೆ ತೂರಿಸಿ, ಚಿಟಿಕೆ ಹೊಡೆದು, ಮೇಲಿನ ಎಲೆ ತೆಗೆದರೆ ನನ್ನ ಸಹಿ. ಮತ್ತೆ ನಡುವೆ ಇಟ್ಟ, ಈ ಸಲ ಇನ್ನೂ ನಿಧಾನವಾಗಿ. ಅರ್ಧ ಹೊರಗೆ ಚಾಚಿದ್ದ ಎಲೆಯನ್ನು ನನ್ನ ಬೆರಳಿನಿಂದಲೇ ಒಳಕ್ಕೆ ತಳ್ಳಿಸಿದ. ಮತ್ತೆ ಮೇಲೆ ಬಂತು. 1922ರಲ್ಲಿ ಇದೇ ಊರಿನಲ್ಲಿ ಡೈ ವರ್ನನ್ ಎಂಬ ಕೆನಡಾದ ಯುವಕ, ಯಾವ ತಂತ್ರವನ್ನೇ ಆಗಲಿ ಮೂರು ಸಲ ನೋಡಿದರೆ ಬಿಡಿಸಿ ಹೇಳುತ್ತೇನೆಂದು ಕೊಚ್ಚಿಕೊಳ್ಳುತ್ತಿದ್ದ ಹೆಸರಾಂತ ಜಾದೂಗಾರ ಹೂಡಿನಿಗೆ ತೋರಿಸಿದ್ದು ಇಂಥದ್ದನ್ನೇ. ಹೂಡಿನಿ ಎಲೆಯ ಮೇಲೆ ತನ್ನ ಇನಿಷಿಯಲ್ ಬರೆದುಕೊಟ್ಟು, ಮೂರಕ್ಕೂ ಹೆಚ್ಚು ಸಲ ನೋಡಿ, ಕೊನೆಗೂ ಸೋತನಂತೆ. ಸರಪಳಿ ಬಿಡಿಸಿಕೊಂಡು ಬರುತ್ತಿದ್ದ ಹೂಡಿನಿಗೇ ತಿಳಿಯದ್ದು ನನಗೆ ತಿಳಿಯಲಿಲ್ಲವೆಂದರೆ ಅವಮಾನವೇನಿಲ್ಲ.

ಮೂರನೆಯ ಸಲಕ್ಕೆ ನಾನು ರೆಪ್ಪೆ ಮಿಟುಕಿಸದೆ ಅವನ ಕೈಯನ್ನೇ ನೋಡುತ್ತಿದ್ದೆ. ಆಗ ಅವನು ತಣ್ಣಗೆ, ಮದುವೆಯಾಗಿದೆಯೇ ಎಂದು ಕೇಳಿದ. ಇಲ್ಲ, ಮಾತುಕತೆ ನಡೆಯುತ್ತಿದೆ ಎಂದೆ. "ಯಾರ ಜೊತೆ?" ಎಂದ. ನಾನು ಯೋಚಿಸದೆ, ನಮ್ಮ ತಂದೆ ಮಾತಾಡುತ್ತಿದ್ದಾರೆ ಎಂದುಬಿಟ್ಟೆ. "ಸರಿ ಹಾಗಾದರೆ. ಎಲೆ ಆರಿಸುವವರು ನಿಮ್ಮಪ್ಪ, ಸಹಿ ಹಾಕುವವನು ಮಾತ್ರ ನೀನು" ಎಂದ. ಕೋಣೆಯೆಲ್ಲ ಗೊಳ್ಳೆಂದಿತು. ಅಪ್ಪಾ, ಇದನ್ನು ನೀವು ತಪ್ಪು ತಿಳಿಯಬಾರದು, ಅವನಿಗೆ ನಮ್ಮ ರೀತಿ ನೀತಿ ಏನು ಗೊತ್ತು. ನಾನು ತಲೆಯೆತ್ತಿ ಅವನ ಮುಖವನ್ನೇ ನೋಡಿದೆ, ಏನೋ ಉತ್ತರ ಕೊಡಲು ಬಾಯಿ ತೆರೆದೆ. ಅಷ್ಟರಲ್ಲಿ ಅವನು ಇಡೀ ಪ್ಯಾಕನ್ನು ಗೋಡೆಗೆ ಬೀಸಿ ಎಸೆದಿದ್ದ. ಎಲೆಗಳು ಪಟಪಟನೆ ನೆಲಕ್ಕೆ ಉದುರಿದವು, ಒಂದು ಮಾತ್ರ ಗೋಡೆಯಲ್ಲೇ ಉಳಿಯಿತು, ನಡುವೆ ಕೆಂಪು ತಲೆಯ ಒಂದು ಪಿನ್ನು ಚುಚ್ಚಿಕೊಂಡು. ಎದ್ದು ಹತ್ತಿರ ಹೋಗಿ ನೋಡಿದೆ. ಕಳಾವರ್ ನಾಲ್ಕು. ನನ್ನ ಸಹಿ. ಇದೇ ಊರಿನಲ್ಲಿ ಕುಟುಂಬದ ಹೋಟೆಲು ನಡೆಸುತ್ತಿದ್ದ ಮ್ಯಾಟ್ ಶೂಲಿನ್ ಎಂಬ ಜಾದೂಗಾರ ಈ ಗೋಡೆಯ ವಿದ್ಯೆಗೇ ಹೆಸರಾಗಿದ್ದನೆಂದು ಆಮೇಲೆ ತಿಳಿಯಿತು.

ಮನೆಗೆ ಮರಳುವಾಗ ರೈಲಿನಲ್ಲಿ ಕುಳಿತು ಯೋಚಿಸಿದೆ. ಬೈಗುಳವೆಲ್ಲ ಬರೀ ನಗಿಸುವುದಕ್ಕಲ್ಲ. ಬೈಸಿಕೊಂಡವನು ಬೈದವನ ಮುಖ ನೋಡುತ್ತಾನೆ, ಮಿಕ್ಕವರು ಬೈಸಿಕೊಂಡವನ ಮುಖ ನೋಡುತ್ತಾರೆ, ಕೈಯನ್ನು ಯಾರೂ ನೋಡುವುದಿಲ್ಲ. ಅವನಿಗೆ ಬೇಕಾಗಿದ್ದದ್ದು ಆ ಒಂದೆರಡು ಕ್ಷಣ. ಜೂಜುಕೋರನಿಗೂ ಇಂಥವನಿಗೂ ಕೈಚಳಕ ಒಂದೇ ಇರಬಹುದು, ಆದರೆ ಇವನು ನಿಮಗೆ ಮೋಸ ಮಾಡುತ್ತೇನೆ ಎಂದು ಮೊದಲೇ ಹೇಳಿ ಮಾಡುತ್ತಾನೆ, ಮುಗಿದ ಮೇಲೆ ಯಾರ ಜೇಬೂ ಖಾಲಿಯಾಗಿರುವುದಿಲ್ಲ. ಚಿಕ್ಕಪ್ಪನ ಎದುರಿಗೆ ಕುಳಿತವರು ಹಾಗೆ ಹೇಳಿರಲಿಲ್ಲ. ಗಣಿತದ ಮೇಷ್ಟ್ರಾದ ನಿಮಗೆ ಇನ್ನೊಂದು ವಿಷಯ: ಇದೇ ವರ್ನನ್‌ನ ಹಿಂದೆ ಹದಿನಾಲ್ಕನೆಯ ವಯಸ್ಸಿನಲ್ಲಿ ಮನೆಬಿಟ್ಟು ಹೋದ ಪರ್ಸಿ ಡಯಕೋನಿಸ್ ಎಂಬ ಹುಡುಗ ಮುಂದೆ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಗಣಿತದ ಪ್ರಾಧ್ಯಾಪಕನಾದ. ಪ್ಯಾಕನ್ನು ಎರಡು ಭಾಗ ಮಾಡಿ ಪರ್ರನೆ ಒಂದರೊಳಗೊಂದು ಸೇರಿಸಿ ಕಲೆಸುತ್ತಾರಲ್ಲ, ಹಾಗೆ 52 ಎಲೆ ಚೆನ್ನಾಗಿ ಬೆರೆಯಲು ಸುಮಾರು ಏಳು ಸಲ ಕಲೆಸಬೇಕೆಂದು ಅವರೂ ಡೇವ್ ಬೇಯರ್ ಎಂಬವರೂ 1992ರಲ್ಲಿ ಲೆಕ್ಕ ಹಾಕಿ ತೋರಿಸಿದ್ದಾರೆ. ಎಲೆ ಮುಟ್ಟಿದವರೆಲ್ಲ ಹಾಳಾಗುವುದಿಲ್ಲ ಎಂದು ಹೇಳುವುದಕ್ಕಾಗಿ ಬರೆದೆ, ನಾನು ಅವರ ಹಾದಿ ಹಿಡಿಯುತ್ತೇನೆಂದಲ್ಲ.

ಈಗ ಫೋಟೋದ ವಿಷಯ. ಪ್ರದರ್ಶನದ ನಡುವೆ ಫೋನ್ ತೆಗೆಯಲು ಬಿಡುವುದಿಲ್ಲ; ಅದು ಮುಗಿದ ಮೇಲೆ ತೆಗೆದದ್ದು. ನೆಲದಲ್ಲಿ ಬಿದ್ದಿದ್ದ ಎಲೆಗಳನ್ನು ಆರಿಸಿ ಎಣಿಸುವ ಕೆಲಸವನ್ನು ಅವನು ತಪ್ಪು ಹುಡುಕುವ ನನಗೇ ಹಚ್ಚಿದ್ದ. ಪುಟ್ಟಿಗೆ ಹೇಳಿ ಫೋಟೋ ದೊಡ್ಡದು ಮಾಡಿಸಿ ನೋಡಿ. ನನ್ನ ಎರಡೂ ಕೈ ತುಂಬ ಎಲೆಗಳಿವೆ, ಒಟ್ಟು 51. ಇಡೀ ಪ್ಯಾಕನ್ನು ತಾನೊಬ್ಬನೇ ಹಿಡಿದು ಜೂಜಾಡುವವನನ್ನು ಸೋದರಮಾವನವರು ಎಲ್ಲಾದರೂ ಕಂಡಿದ್ದಾರೆಯೇ? ಉಳಿದ ಒಂದು ನನ್ನ ತಲೆಯ ಹಿಂದೆ ಗೋಡೆಯಲ್ಲಿದೆ, ಕೆಂಪು ಚುಕ್ಕೆಯಂತೆ ಕಾಣುವುದು ಪಿನ್ನು. ಬೇಕಿದ್ದರೆ ಆ ತಿಂಗಳ ಬ್ಯಾಂಕಿನ ಲೆಕ್ಕವನ್ನೂ ಕಳುಹಿಸುತ್ತೇನೆ. ಕಂಪನಿಯವರಿಂದ ಪತ್ರ ಬರೆಸಿ ಎಂದರೆ ಅದೂ ಆದೀತು. ರಾತ್ರಿ ಹನ್ನೊಂದೂವರೆಗೆಲ್ಲ ಮನೆ ಸೇರಿ ಮಲಗಿದ್ದೆ.

ಹೊರಡುವಾಗ ಅವನು ಗೋಡೆಯಿಂದ ಎಲೆಯನ್ನು ಕಿತ್ತು ನನಗೆ ಕೊಟ್ಟ. ಒಂದು ಒಳ್ಳೆಯ ಮಾತು ಆಡುತ್ತಾನೇನೋ ಎಂದುಕೊಂಡೆ. "ಊರಿಗೆ ಕಳಿಸು, ನಿಮ್ಮಪ್ಪನ ಸಹಿಗೂ ಜಾಗ ಮಿಕ್ಕಿದೆ" ಎಂದು ಮುಂದಿನವರ ಕಡೆ ತಿರುಗಿದ. ಆ ಎಲೆಯನ್ನು ಈ ಪತ್ರದ ಜೊತೆ ಇಟ್ಟಿದ್ದೇನೆ. ಪಿನ್ನಿನ ತೂತು ನಡುವೆ ಇದೆ. ಸೋದರಮಾವನವರಿಗೆ ತೋರಿಸಿ, ಮಡಚದಿರಲಿ.

ಒಂದು ಮಾತು ಕೇಳಿಕೊಳ್ಳಬೇಕೆಂದಿದ್ದೇನೆ. ಈ ಕಥೆಯನ್ನು ಆ ಹುಡುಗಿಗೆ ನಾನೇ ಫೋನಿನಲ್ಲಿ ಹೇಳಲೇ? ನೀವು ಒಪ್ಪಿದರೆ ಮಾತ್ರ. ಅವಳಿಗೂ ನನ್ನಿಂದಲೇ ಕೇಳುವುದು ಮೇಲೆನಿಸಬಹುದು, ಮತ್ತು ಇಷ್ಟು ದಿನದಲ್ಲಿ ಅವಳ ಧ್ವನಿಯನ್ನೂ ನಾನು ಕೇಳಿಲ್ಲ. ಪುಟ್ಟಿಯಿಂದ ನಂಬರ್ ಕಳುಹಿಸಿದರೆ ಸಾಕು.

ಅಮ್ಮ ಚಿಂತೆ ಮಾಡುವುದು ಬೇಡ, ಊಟ ನಿದ್ರೆ ಎಲ್ಲ ಸರಿಯಾಗಿದೆ, ಕೆಲಸವೂ ಚೆನ್ನಾಗಿದೆ. ಬೆಳಿಗ್ಗೆ ಆರಕ್ಕೆ ಏಳಬೇಕು, ಅಂಚೆಗೆ ಹಾಕಿಯೇ ಕೆಲಸಕ್ಕೆ ಹೋಗುತ್ತೇನೆ. ಅಜ್ಜಿಗೆ ನಮಸ್ಕಾರ ತಿಳಿಸಿ. ಚಿಕ್ಕಪ್ಪನಿಗೆ ಈ ಪತ್ರ ತೋರಿಸುವುದು ಬೇಡ.

ಇಂತಿ ನಿಮ್ಮ ಮಗ,
ರವಿ